ಸೀಗೆಕಾಯಿ ನೀರಿಗೆ ಒಂದಿಷ್ಟು ಕಾಫಿ

ಬಾಬಾ ಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಬಿತ್ತಿದರೆಂದು ಜನ ಹೇಳುವ ಬೆಟ್ಟದ ಸೀಮೆಯವರು ನಾವು. ಕಾಫಿ ನಮಗೆ ಕುಡಿಯುವ ವಸ್ತು. ಅದನ್ನು ತಲೆಗೆ ಹಾಕಿಕೊಳ್ಳುವುದೆಂದರೆ ನಗು ಬರುತ್ತಿತ್ತು. ಈಗ ಅಂಗಡಿಗಳಲ್ಲಿ ಕಾಫಿಯ ಹೆಸರು ಹೊತ್ತ ಶಾಂಪೂಗಳಿಗೆ ಬರವಿಲ್ಲ. ಕೂದಲು ಉದುರುವುದು ನಿಲ್ಲುತ್ತದೆಂಬ ಭರವಸೆ ಬೇರೆ.

ಈ ಭರವಸೆಗೆ ಆಧಾರವೇನು? 2007ರಲ್ಲಿ ಜರ್ಮನಿಯ ಸಂಶೋಧಕರು, ತಲೆ ಬೋಳಾಗುತ್ತಿದ್ದ ಪುರುಷರಿಂದ ತೆಗೆದ ಕೂದಲ ಬುಡಗಳನ್ನು ಪ್ರಯೋಗಾಲಯದಲ್ಲಿ ಕೆಫೀನ್ ಬೆರೆಸಿದ ದ್ರಾವಣದಲ್ಲಿ ಇಟ್ಟು ನೋಡಿದರು. ಅವು ಹೆಚ್ಚು ಬೆಳೆದವು. ಆದರೆ ದಿನಗಟ್ಟಲೆ ದ್ರಾವಣದಲ್ಲಿರುವ ಕೂದಲ ಬುಡವೇ ಬೇರೆ, ಎರಡು ನಿಮಿಷದಲ್ಲಿ ತೊಳೆದುಹೋಗುವ ನೊರೆಯೇ ಬೇರೆ. ಉದುರುವಿಕೆ ಕಡಿಮೆಯಾಗುತ್ತದೆಂದು ಸಾರುತ್ತಿದ್ದ ಕೆಫೀನ್ ಶಾಂಪೂ ಒಂದರ ಜಾಹೀರಾತಿಗೆ, ತಕ್ಕ ಪುರಾವೆಯಿಲ್ಲವೆಂದು 2018ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ತಡೆ ಹಾಕಿತು.

ನಮ್ಮ ಮನೆಯ ಸೀಗೆಕಾಯಿಗೆ ಕಾಫಿ ಸೇರಿದ್ದಕ್ಕೆ ಕಾರಣವೇ ಬೇರೆ. ಉಮ್ಮ ನರೆಗೂದಲಿಗೆ ಅಂಗಡಿಯ ಕಪ್ಪು ಬಣ್ಣ ಹಚ್ಚುತ್ತಿದ್ದರು. ಒಮ್ಮೆ ಹಣೆಯೆಲ್ಲ ಊದಿ ಕಣ್ಣು ತೆರೆಯಲಾಗಲಿಲ್ಲ. ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ, ಇನ್ನೆಂದೂ ಹಚ್ಚಬೇಡಿ ಎಂದರು ವೈದ್ಯರು. ಅಂದಿನಿಂದ ಉಮ್ಮ ಮದುವೆ ಮನೆಗೆ ಹೋಗುವುದನ್ನೇ ಬಿಟ್ಟರು. ತಲೆವಸ್ತ್ರದೊಳಗಿನ ಕೂದಲಿಗೆ ಇಷ್ಟು ಚಿಂತೆಯೇಕೆಂದು ನಾವು ಸಹೋದರಿಯರು ಕೇಳಿದರೆ, "ಕನ್ನಡಿಗೆ ಕಾಣುತ್ತದಲ್ಲ" ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ.

ನಾವು ಮಾಡುವ ಬಗೆ ಇಷ್ಟೇ. ಒಂದು ಹಿಡಿ ಸೀಗೆಕಾಯಿ, ಬೀಜ ತೆಗೆದ ಹತ್ತು ಅಂಟುವಾಳ, ಒಂದು ಚಮಚ ಮೆಂತ್ಯ, ಒಂದು ಲೀಟರ್ ನೀರು. ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಮೆತ್ತಗಾಗುವವರೆಗೆ ಕುದಿಸಿ, ಆರಿದ ಮೇಲೆ ಹಿಸುಕಿ ಬಟ್ಟೆಯಲ್ಲಿ ಸೋಸಬೇಕು. ಚಿಕೋರಿ ಬೆರೆಸದ ಪುಡಿಯಿಂದ ಇಳಿಸಿದ ಅರ್ಧ ಲೋಟ ಗಟ್ಟಿ ಡಿಕಾಕ್ಷನ್ನನ್ನು ಆರಿಸಿ ಇದಕ್ಕೆ ಸೇರಿಸಬೇಕು. ಚರಟ ಬೇಡ, ಕೂದಲಲ್ಲಿ ಸಿಕ್ಕಿಕೊಂಡು ಕಾಟ ಕೊಡುತ್ತದೆ. ತಲೆಗೆ ಹಚ್ಚಿ ಕಾಲು ಗಂಟೆ ಬಿಟ್ಟು ತೊಳೆದರಾಯಿತು. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಾಫಿಯ ಕಲೆ ಹತ್ತುವುದರಿಂದ ಹಳೆಯ ಟವೆಲ್ಲೇ ಇರಲಿ. ಕೆಡದಂತೆ ತಡೆಯುವ ವಸ್ತು ಇದರಲ್ಲಿ ಇಲ್ಲವಾದ್ದರಿಂದ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದೊಳಗೆ ಮುಗಿಸಬೇಕು. ಗಿಡಮೂಲದ್ದೆಂದ ಮಾತ್ರಕ್ಕೆ ಎಲ್ಲರಿಗೂ ಒಗ್ಗುತ್ತದೆಂದಿಲ್ಲ. ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದು ದಿನ ಕಾದು ನೋಡುವುದು ಒಳ್ಳೆಯದು. ಉಮ್ಮನಿಗೂ ಹಾಗೆಯೇ ಮಾಡಿದೆವು.

ಕೂದಲು ಕಪ್ಪಾಯಿತೇ? ಇಲ್ಲ. ನಾಲ್ಕಾರು ಸಲ ತೊಳೆದ ಮೇಲೆ ಬಿಳಿ ಕೂದಲು ನಸು ಕಂದಿಗೆ ತಿರುಗಿತು. ಬಿಟ್ಟರೆ ಆ ಬಣ್ಣವೂ ಬೇಗ ಮಾಸುತ್ತದೆ. ಉದುರುವ ಕೂದಲು ಉದುರುತ್ತಲೇ ಇದೆ. ಕೂದಲು ವಿಪರೀತ ಉದುರುವವರು ಅಡುಗೆಮನೆಯನ್ನು ನಂಬಿ ಕೂರದೆ ವೈದ್ಯರನ್ನು ಕಾಣಬೇಕು. ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ ಅದಕ್ಕೆ ಔಷಧ ಬೇರೆ.

"ಕಪ್ಪಾಗದಿದ್ದರೆ ಬೇಡ, ತುರಿಸುವುದಿಲ್ಲವಲ್ಲ, ಅಷ್ಟು ಸಾಕು" ಎಂದರು ಉಮ್ಮ. ಮುಂದಿನ ವಾರ ನೆರೆಮನೆಯ ಹುಡುಗಿಯ ಮದುವೆಗೆ ನಮಗಿಂತ ಮೊದಲೇ ಹೊರಟು ನಿಂತಿದ್ದರು.