ಲಾಲ್‌ಬಾಗ್‌ನಿಂದ ಲೋವರ್ ಪರೇಲ್‌ಗೆ, ಮಾವನ ಜೊತೆ

ಡೊಂಬಿವಲಿಯಿಂದ ಲೋವರ್ ಪರೇಲ್‌ಗೆ ನಾನು ಹನ್ನೊಂದು ವರ್ಷಗಳಿಂದ ಓಡಾಡುತ್ತಿದ್ದೇನೆ. ಫಾಸ್ಟ್ ಲೋಕಲ್‌ನಲ್ಲಿ ದಾದರ್, ಅಲ್ಲಿ ಸ್ಲೋ ಹಿಡಿದು ಕರಿ ರೋಡ್, ಆಮೇಲೆ ಸೇತುವೆ ದಾಟಿ ಕಾಲ್ನಡಿಗೆ. 2025ರ ಸೆಪ್ಟೆಂಬರ್‌ನಲ್ಲಿ ಎಲ್ಫಿನ್‌ಸ್ಟನ್ ಸೇತುವೆ ಮುಚ್ಚಿದ ಮೇಲೆ ಅಲ್ಲಿನ ಗಾಡಿಗಳೂ ಈ ಕಡೆ ತಿರುಗಿವೆ. ಹಾಗಾಗಿ ಕರಿ ರೋಡ್ ಸೇತುವೆಯ ಮೇಲೆ ಈಗ ಟ್ಯಾಕ್ಸಿಯಲ್ಲಿ ಕೂತವನಿಗಿಂತ ನಡೆಯುವವನೇ ಮೊದಲು ಮುಟ್ಟುತ್ತಾನೆ. ಹನ್ನೊಂದು ವರ್ಷ ನಡೆದ ದಾರಿ ನಿಜ, ಆದರೆ ತಲೆಯೆತ್ತಿ ನೋಡಿದ್ದು ಕಡಿಮೆ. ಕೈಯಲ್ಲಿ ಮೊಬೈಲ್, ತಲೆಯಲ್ಲಿ ಹತ್ತು ಗಂಟೆಯ ಮೀಟಿಂಗ್. ಆ ದಾರಿಯನ್ನು ಸರಿಯಾಗಿ ನೋಡಿದ್ದು ಕಳೆದ ನವೆಂಬರ್‌ನ ಒಂದು ಶನಿವಾರ, ನನ್ನ ಸೋದರಮಾವನ ಜೊತೆ.

ಮಾವನಿಗೆ ಈಗ ಎಪ್ಪತ್ತು. ಕುಂದಾಪುರದ ಹತ್ತಿರದ ಹಳ್ಳಿಯಿಂದ 1968ರಲ್ಲಿ, ಹದಿಮೂರನೇ ವಯಸ್ಸಿಗೆ, ಬಸ್ಸು ಹತ್ತಿ ಬಂದವರು. ಕೊಂಕಣ ರೈಲು ಬರಲು ಇನ್ನೂ ಮೂವತ್ತು ವರ್ಷ ಇತ್ತು. ಲಾಲ್‌ಬಾಗ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಮಾಣಿಯಾಗಿ ಸೇರಿ, ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ, ಗಲ್ಲಾದ ಮೇಲೆ ಕೂರುವ ತನಕ ಬಂದರು. ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಇಂಥ ಒಬ್ಬ ಮಾವನೋ ಅಜ್ಜನೋ ಇದ್ದೇ ಇರುತ್ತಾರೆ.

ದೀಪಾವಳಿಯ ಊಟಕ್ಕೆ ಬಂದಾಗ, ನಿನ್ನ ಆಫೀಸು ಸರಿಯಾಗಿ ಎಲ್ಲಿ ಎಂದು ಕೇಳಿದರು. ಲೋವರ್ ಪರೇಲ್‌ನಲ್ಲಿ ವಿಳಾಸ ಹೇಳುವುದು ಇವತ್ತಿಗೂ ಗಿರಣಿಗಳ ಹೆಸರಿನಲ್ಲೇ. ಕಮಲಾ ಮಿಲ್ಸ್, ತೋಡಿ ಮಿಲ್ಸ್, ರಘುವಂಶಿ ಮಿಲ್ಸ್, ಮಥುರಾದಾಸ್ ಮಿಲ್ಸ್. ಒಳಗೆ ಒಂದು ಮಗ್ಗವೂ ಇಲ್ಲ, ಹೆಸರು ಮಾತ್ರ ಉಳಿದಿದೆ. ನಾನೂ ಒಂದು ಗಿರಣಿಯ ಹೆಸರು ಹೇಳಿದೆ. ಮಾವ ಹೋಳಿಗೆ ಮುರಿಯುವುದನ್ನು ನಿಲ್ಲಿಸಿ, "ಆ ಗೇಟಿಗೆ ನಾನ್ ಚಾ ತಕೊಂಡ್ ಹೋಯ್ತಿದ್ದೆ ಮಾರಾಯ" ಎಂದರು. ಹಾಗೆ ಆ ಶನಿವಾರದ ನಡಿಗೆ ಗೊತ್ತಾಯಿತು.

ನನಗೆ ಇನ್ನೊಂದು ಕಾರಣವೂ ಇತ್ತು. ಅದಕ್ಕೆ ಹತ್ತು ದಿನ ಮೊದಲು, ಡಿಸೆಂಬರ್ 31ಕ್ಕೆ ನಮ್ಮ ಪ್ರಾಜೆಕ್ಟ್ ಮುಗಿಯುತ್ತದೆ ಎಂದು ಮ್ಯಾನೇಜರ್ ಹೇಳಿದ್ದರು. ಆಮೇಲೆ ಎರಡು ತಿಂಗಳು ಬೆಂಚ್. ಅಷ್ಟರಲ್ಲಿ ಬೇರೆ ಪ್ರಾಜೆಕ್ಟ್ ಸಿಕ್ಕದಿದ್ದರೆ? "ಲೆಟ್ಸ್ ಸೀ" ಎಂದರು. ಈ ವಿಷಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಕರಿ ರೋಡ್‌ನಲ್ಲಿ ಇಳಿದು ಮೊದಲು ಪೂರ್ವಕ್ಕೆ, ಲಾಲ್‌ಬಾಗ್ ಕಡೆ ಹೋದೆವು. ಗಣಪತಿ ಹಬ್ಬದ ಹೊತ್ತಿಗೆ ಕಾಲಿಡಲು ಜಾಗವಿಲ್ಲದ ಬೀದಿಗಳು ಅವತ್ತು ತಣ್ಣಗಿದ್ದವು. ಭಾರತಮಾತಾ ಚಿತ್ರಮಂದಿರದ ಎದುರು ಮಾವ ಸ್ವಲ್ಪ ಹೊತ್ತು ನಿಂತರು; ಅವರು ಮರಾಠಿ ಕಲಿತದ್ದು ಅಲ್ಲಿ, ಗಿರಣಿ ಕೆಲಸಗಾರರ ಪಕ್ಕ ಕೂತು ಸಿನಿಮಾ ನೋಡಿ. ಮಸಾಲೆ ಗಲ್ಲಿಗೆ ಹೋದಾಗ ಮೆಣಸಿನ ಘಾಟಿಗೆ ಇಬ್ಬರೂ ಸೀನಿದೆವು. ಚೀಲಗಳ ಮೇಲೆ ಮರಾಠಿಯಲ್ಲಿ 'ಬೇಡಗಿ' ಎಂದು ಬರೆದ ಚೀಟಿ, ನಮ್ಮ ಬ್ಯಾಡಗಿ ಮೆಣಸು. ಹಾವೇರಿ ಜಿಲ್ಲೆಯ ಬಣ್ಣವಿಲ್ಲದೆ ಇಲ್ಲಿಯ ಮಾಲ್ವಣಿ ಮಸಾಲೆ ಆಗುವುದಿಲ್ಲ. ಅಂಗಡಿಯವರ ಹತ್ತಿರ ಮಾವ ಐದು ನಿಮಿಷ ಚೌಕಾಸಿ ಮಾಡಿ ಕಾಲು ಕಿಲೋ ತೆಗೆದುಕೊಂಡರು.

ಹೋಟೆಲು ಇದ್ದ ಜಾಗದಲ್ಲಿ ಈಗ ಒಂದು ಮೊಬೈಲ್ ಅಂಗಡಿ ಮತ್ತು ಎಟಿಎಂ. ಎದುರಿನ ಕಟ್ಟೆಯ ಮೇಲೆ ಕೂತು ಮಾವ ಹೇಳತೊಡಗಿದರು.

ದಿನಕ್ಕೆ ಮೂರು ಪಾಳಿ. ಭೋಂಗಾ ಕೂಗಿತೆಂದರೆ ಹತ್ತು ನಿಮಿಷದಲ್ಲಿ ಹೋಟೆಲು ತುಂಬಬೇಕು. ರತ್ನಾಗಿರಿ, ಸಾತಾರಾ, ಕೊಲ್ಹಾಪುರ ಕಡೆಯವರು. ತಿಂಗಳ ಕೊನೆಗೆ ಅರ್ಧ ಜನ ಉದ್ರಿ. ಹೆಸರು ಬರೆದ ಉದ್ದ ಪುಸ್ತಕ, ಪಗಾರದ ದಿನ ಗೀಟು ಎಳೆಯುವುದು. ಗೀಟು ಎಳೆಯದೆ ಉಳಿದ ಹೆಸರು ವರ್ಷಕ್ಕೆ ನಾಲ್ಕೈದು ಇದ್ದರೆ ಹೆಚ್ಚು.

1982ರ ಜನವರಿ 18ರಂದು ದತ್ತಾ ಸಾಮಂತ್ ಅವರ ನೇತೃತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗೆ ಬಂದರು. ಕೂಲಿ, ಬೋನಸ್ಸು ಒಂದು ಬೇಡಿಕೆ. ಇಡೀ ಉದ್ಯಮಕ್ಕೆ ಒಂದೇ ಸಂಘಕ್ಕೆ ಮಾನ್ಯತೆ ಕೊಡುತ್ತಿದ್ದ 1946ರ ಕಾಯ್ದೆಯನ್ನು ತೆಗೆಯಬೇಕು ಎನ್ನುವುದು ಇನ್ನೊಂದು. ಮೊದಲ ತಿಂಗಳು ಹೋಟೆಲಿನಲ್ಲಿ ವ್ಯಾಪಾರ ಹೆಚ್ಚೇ ಆಗಿತ್ತಂತೆ. ಕೆಲಸವಿಲ್ಲದ ಜನ ಚಹಾ ಕುಡಿಯುತ್ತಾ ಮಾತಾಡುತ್ತಿದ್ದರು. ಯಾವಾಗ ಮುಗಿಯುತ್ತದೆ ಎಂದು ಕೇಳಿದರೆ "ಬಘೂ" ಎನ್ನುತ್ತಿದ್ದರು. ಧಣಿಗಳು ಉದ್ರಿ ಎಷ್ಟಾಯಿತೆಂದು ಕೇಳಿದರೆ ಮಾವ ನಮ್ಮ ಭಾಷೆಯಲ್ಲಿ "ಕಾಂಬ" ಎನ್ನುತ್ತಿದ್ದರು. ನೋಡೋಣ ಎನ್ನುವುದಕ್ಕೆ ಎರಡು ಭಾಷೆ, ಅಷ್ಟೆ.

ಮಳೆಗಾಲಕ್ಕೆ ಪುಸ್ತಕದ ಅರ್ಧ ಹೆಸರುಗಳು ಊರಿಗೆ ಹೋಗಿದ್ದವು. ಮುಷ್ಕರ ಒಂದೂವರೆ ವರ್ಷಕ್ಕೂ ಮೀರಿ ಎಳೆಯಿತು. ಅದನ್ನು ಯಾರೂ ಅಧಿಕೃತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಮುಗಿಯಿತು ಎಂದು ಯಾರೂ ಹೇಳದೆ ಮುಗಿದ ಮುಷ್ಕರ ಅದು. ಆ ಹೊತ್ತಿಗೆ ಗಿರಣಿಗಳ ಎಷ್ಟೋ ಕೆಲಸ ಭಿವಂಡಿಯ ಪವರ್‌ಲೂಮ್‌ಗಳಿಗೆ ಹೋಗಿತ್ತು. ಅಲ್ಲಿ ಕೂಲಿ ಕಡಿಮೆ, ಸಂಘವಿಲ್ಲ. ಹೋದ ಕೆಲಸ ಮತ್ತೆ ಬರಲಿಲ್ಲ.

ಗಿರಣಿಯ ಜೊತೆ ಮುಳುಗಿದ್ದು ಗಿರಣಿಯವರು ಮಾತ್ರ ಅಲ್ಲ. ಗಿರಣಗಾಂವ್‌ನಲ್ಲಿ, ಅಂದರೆ ಈ ಗಿರಣಿಗಳ ಊರಿನಲ್ಲಿ, ಸಾವಿರಾರು ಹೆಂಗಸರು ಒಂಟಿ ಕೆಲಸಗಾರರಿಗೆ ಅಡಿಗೆ ಮಾಡಿ ಹಾಕುವ ಖಾನಾವಳಿ ನಡೆಸುತ್ತಿದ್ದರು. ಅವರದ್ದೂ ಉದ್ರಿಯ ಬದುಕು. ಬಡ್ಡಿಯವರ ಕೈಯಿಂದ ಅವರನ್ನು ಬಿಡಿಸಿ ಬ್ಯಾಂಕ್ ಸಾಲ ಕೊಡಿಸಲೆಂದು ಪ್ರೇಮಾ ಪುರವ್ 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ದರು. ಉಣ್ಣುವವನ ಪಗಾರವೇ ನಿಂತಾಗ ಆ ಒಲೆಗಳಿಗೂ ಏಟು ಬಿತ್ತು. ಮಾವನ ಹೋಟೆಲು 1983ರ ಮಳೆಗಾಲದಲ್ಲಿ ಬಾಗಿಲು ಹಾಕಿತು.

"ಸಾತಾರಾ ಕಡೆಯವ ಒಬ್ಬ, ನೇಯ್ಗೆ ಖಾತೆಯವ. 43 ರೂಪಾಯಿ ಬಾಕಿ. ಮೂರು ವರ್ಷ ಬಿಟ್ಟು ಠಾಣೆಯಲ್ಲಿ ಸಿಕ್ಕಿದ. ನನ್ನನ್ನ ಕಂಡು ಆಚೆ ತಿರುಗಿದ. ನಾನೇ ಕರೆದು ಚಾ ಕುಡಿಸಿದೆ." ಇಷ್ಟು ಹೇಳಿ ಮಾವ ಎದ್ದರು.

ಸೇತುವೆ ದಾಟಿ ಪಶ್ಚಿಮಕ್ಕೆ ಬಂದೆವು. ಈ ಬದಿಯ ದೊಡ್ಡ ರಸ್ತೆಯ ಹೆಸರು ಎನ್. ಎಂ. ಜೋಶಿ ಮಾರ್ಗ್, ಮಾವನ ಬಾಯಲ್ಲಿ ಇನ್ನೂ ಡಿಲೈಲ್ ರೋಡ್. ಜೋಶಿಯವರು 1920ರಲ್ಲಿ ಎಐಟಿಯುಸಿ ಕಟ್ಟಿದವರಲ್ಲಿ ಒಬ್ಬರು, ಕಾರ್ಮಿಕ ನಾಯಕ. ಅವರ ಹೆಸರಿನ ರಸ್ತೆಯಲ್ಲಿ ಹನ್ನೊಂದು ವರ್ಷ ನಡೆದ ನನಗೆ ಅದು ಬರೀ ಪಿನ್‌ಕೋಡಿನ ಮೇಲಿನ ಸಾಲಾಗಿತ್ತು. 160 ಚದರಡಿಯ ಕೋಣೆಗಳ ಬಿಡಿಡಿ ಚಾಳುಗಳು, ಅವುಗಳ ಜಾಗದಲ್ಲಿ ಏಳುತ್ತಿರುವ ಗೋಪುರಗಳು, ಮುಂದೆ ಫೀನಿಕ್ಸ್ ಮಾಲ್‌ನ ನಡುವೆ ಹಾಗೇ ನಿಂತಿರುವ ಹಳೆ ಗಿರಣಿಯ ಚಿಮಣಿ. 1991ರ ನಿಯಮದ ಪ್ರಕಾರ ಗಿರಣಿ ಜಮೀನಿನ ಮೂರನೇ ಒಂದು ಪಾಲು ಸಾರ್ವಜನಿಕ ಬಯಲಿಗೆ, ಇನ್ನೊಂದು ಪಾಲು ಸರ್ಕಾರಿ ವಸತಿಗೆ, ಉಳಿದದ್ದು ಮಾಲೀಕರಿಗೆ ಹೋಗಬೇಕಿತ್ತು. 2001ರ ತಿದ್ದುಪಡಿ ಈ ಲೆಕ್ಕವನ್ನು ಖಾಲಿ ಇದ್ದ ನೆಲಕ್ಕೆ ಮಾತ್ರ ಸೀಮಿತಗೊಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನಾನು ಕೂರುವ ಗಾಜಿನ ಕಟ್ಟಡದ ಕೆಳಗಿನ ನೆಲ ಈ ಇತಿಹಾಸದ್ದು.

ಆಫೀಸಿನ ಗೇಟಿನ ಹೊರಗಿನ ಟಪರಿಯಲ್ಲಿ ಚಹಾ ಹೇಳಿದೆ. ಟಪರಿಯವ ನನ್ನ ಪರಿಚಯದವನೇ. ವ್ಯಾಪಾರ ಹೇಗೆ ಎಂದೆ. ಮೊದಲು ದಿನಕ್ಕೆ ಮೂವತ್ತು ಲೀಟರ್ ಹಾಲು ಬೇಕಾಗುತ್ತಿತ್ತು, ಈಗ ಹದಿನೆಂಟು ಸಾಕು ಎಂದ. ಅರ್ಧ ಜನ ಮನೆಯಿಂದಲೇ ಕೆಲಸ, ಇನ್ನು ಕೆಲವರು ಕಾಣಿಸುವುದೇ ಇಲ್ಲ. "ಮೇಲೆ ಏನು ನಡೀತಿದೆ ಸಾಹೇಬ್?" ಎಂದು ನನ್ನನ್ನೇ ಕೇಳಿದ. ಮಾವ ಅವನ ಹಾಲಿನ ಪಾತ್ರೆಯನ್ನೇ ನೋಡುತ್ತಿದ್ದರು. ಅವರು ಏನು ನೋಡುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಅಲ್ಲೇ ನಿಂತು ಹೇಳಿಬಿಟ್ಟೆ. ನಮ್ಮದು ಅಮೆರಿಕದ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಆ ಕಂಪನಿ ಈಗ ಬೆಂಗಳೂರಿನಲ್ಲಿ ತನ್ನದೇ ಕೇಂದ್ರ ತೆರೆದಿದೆ. ನಾವು ಹದಿನಾಲ್ಕು ಜನ ಮಾಡುತ್ತಿದ್ದ ಪರೀಕ್ಷೆಯ ಕೆಲಸವನ್ನು ಅಲ್ಲಿ ನಾಲ್ಕು ಜನ ಮತ್ತು ಒಂದು ಎಐ ಟೂಲ್ ಮಾಡುತ್ತಾರೆ. ಕೆಲಸ ನಮ್ಮ ರಾಜ್ಯಕ್ಕೇ ಹೋಯಿತು, ನನ್ನನ್ನು ಇಲ್ಲಿ ಬಿಟ್ಟು. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಕಂಪನಿ 12 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿಮೆ ಮಾಡುವುದಾಗಿ ಹೇಳಿದಾಗ ನಾವೆಲ್ಲ ಕ್ಯಾಂಟೀನ್‌ನಲ್ಲಿ ಅದರ ಬಗ್ಗೆ ವಾದ ಮಾಡಿದ್ದೆವು, ಬೇರೆಯವರ ಸುದ್ದಿ ಎನ್ನುವಂತೆ.

ನನ್ನನ್ನು ಗಿರಣಿ ಕೆಲಸಗಾರನಿಗೆ ಹೋಲಿಸಿಕೊಳ್ಳುವುದು ಸರಿಯಲ್ಲ ಎಂದು ಗೊತ್ತು. ನನಗೆ ಪಿಎಫ್ ಇದೆ, ಸ್ವಲ್ಪ ಉಳಿತಾಯ ಇದೆ, ಕಲಿತ ಇಂಗ್ಲಿಷ್ ಇದೆ. ಗಿರಣಿಯಲ್ಲಿ 'ಬದಲಿ' ಎಂಬ ವರ್ಗವೊಂದಿತ್ತು. ಅವರು ದಿನಾ ಗೇಟಿಗೆ ಬಂದು, ಯಾರಾದರೂ ರಜೆ ಹಾಕಿದ್ದರೆ ಆ ದಿನದ ಕೆಲಸ, ಇಲ್ಲದಿದ್ದರೆ ವಾಪಸ್. ನನ್ನ ಬೆಂಚಿಗೆ ಎರಡು ತಿಂಗಳಾದರೂ ಪಗಾರ ಬರುತ್ತದೆ. ಆದರೆ ಅವರು ಎರಡೂವರೆ ಲಕ್ಷ ಜನ ಒಟ್ಟಿಗೆ ಬೀದಿಯಲ್ಲಿದ್ದರು. ಕಷ್ಟ ಎಲ್ಲರಿಗೂ ಕಾಣುತ್ತಿತ್ತು. ನಮ್ಮನ್ನು ಒಬ್ಬೊಬ್ಬರನ್ನೇ ಸಣ್ಣ ಕೋಣೆಗೆ ಕರೆಯುತ್ತಾರೆ. ಹೊರಗೆ ಬಂದವನು ನೀರು ಕುಡಿದು ತನ್ನ ಸೀಟಿನಲ್ಲಿ ಕೂರುತ್ತಾನೆ, ಪಕ್ಕದವನಿಗೂ ಹೇಳುವುದಿಲ್ಲ.

ಮಾವ ಚಹಾ ಮುಗಿಸಿ ಗ್ಲಾಸು ಕೆಳಗಿಟ್ಟರು. "ಮನ್ಯಂಗೆ ಹೇಳಿದ್ಯಾ?"

ಇಲ್ಲ, ಬೇರೆ ಪ್ರಾಜೆಕ್ಟ್ ಸಿಕ್ಕರೂ ಸಿಕ್ಕೀತು, ಸುಮ್ಮನೆ ಯಾಕೆ ಗಾಬರಿ ಮಾಡುವುದು, ಕಾಂಬ ಅಂತ, ಎಂದೆ.

"ನಮ್ಮ ಧಣಿಗಳೂ ಹಾಗೇ ಅಂದಿದ್ರು" ಎಂದರು ಮಾವ. ಆ ಕತೆಯ ಈ ಭಾಗ ನಾನು ಕೇಳಿರಲಿಲ್ಲ. ಹೋಟೆಲು ನಷ್ಟದಲ್ಲಿದೆ ಎಂದು ಧಣಿಗಳು ಎಂಟು ತಿಂಗಳು ಯಾರಿಗೂ ಹೇಳಲಿಲ್ಲವಂತೆ. ಹೆಂಡತಿಯ ಬಳೆ ಅಡವಿಟ್ಟು ಅಕ್ಕಿ ತಂದರು. ಮಾಣಿಗಳ ಪಗಾರ ಊರಿಗೆ ಹೋಗುವಾಗ ಒಟ್ಟಿಗೆ ಕೊಡುವುದು ಆಗಿನ ಪದ್ಧತಿ, ದುಡ್ಡು ಧಣಿಗಳ ಹತ್ತಿರವೇ ಇರುತ್ತಿತ್ತು. ಹಾಲಿನವನು ಹಾಲು ನಿಲ್ಲಿಸಿದ ದಿನವೇ ಎಲ್ಲರಿಗೂ ಗೊತ್ತಾದದ್ದು. ಮಾವನ ಏಳು ತಿಂಗಳ ಪಗಾರ ಹೋಯಿತು. ಅದರಲ್ಲಿ ನನ್ನ ಅಮ್ಮನ ಮದುವೆಗೆಂದು ಇಟ್ಟದ್ದೂ ಇತ್ತು. "ಅವರು ಕೆಟ್ಟವರಲ್ಲ ಮಾರಾಯ. ಮೊದಲೇ ಹೇಳಿದ್ರೆ ನಾವು ಆರು ಜನ ಬೇರೆ ಕಡೆ ಕೆಲಸ ನೋಡ್ತಿದ್ವಿ. ಅವರ ಖರ್ಚೂ ಕಡಿಮೆ ಆಗ್ತಿತ್ತು. ಹೇಳ್ಲಿಲ್ಲ."

ವಾಪಸಾಗುವಾಗ ರೈಲಿನಲ್ಲಿ ಸೀಟು ಸಿಕ್ಕಿತು. ಮಾವ ಗೃಹಸಾಲ ಎಷ್ಟು ಉಳಿದಿದೆ, ಕಂತು ಎಷ್ಟು, ಮಗಳ ಶಾಲೆಯ ಫೀಸು ಯಾವಾಗ ಎಂದು ಒಂದೊಂದಾಗಿ ಕೇಳಿದರು. ಘಾಟ್‌ಕೋಪರ್ ಬರುವಷ್ಟರಲ್ಲಿ ಮೊಬೈಲಿನಲ್ಲಿ ಒಂದು ಪಟ್ಟಿ ಆಗಿತ್ತು. ಅದರ ಮೊದಲ ಸಾಲು ಅವರೇ ಹೇಳಿ ಬರೆಸಿದ್ದು: ಇವತ್ತೇ ಹೇಳುವುದು.

ಆ ರಾತ್ರಿ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಹತ್ತು ದಿನದಿಂದ ಊಟ ಸರಿಯಾಗಿ ಮಾಡದೆ ಇದ್ದದ್ದು ಇದಕ್ಕಾ ಎಂದು ಕೇಳಿ, ತನ್ನ ಚೀಟಿಯ ಪುಸ್ತಕ ತಂದಳು. ಅದರಲ್ಲಿ ನನಗೆ ಗೊತ್ತಿಲ್ಲದ ಲೆಕ್ಕವೂ ಇತ್ತು. ಸೋಮವಾರ ಕ್ಯಾಂಟೀನ್‌ನಲ್ಲಿ ನಮ್ಮ ತಂಡದ ಹದಿಮೂರು ಜನರಿಗೂ ತೆರೆದು ಹೇಳಿದೆ. ಆಗ ಇನ್ನಿಬ್ಬರು ತಮ್ಮನ್ನೂ ಕರೆದಿದ್ದರು ಎಂದರು.

ಇದನ್ನು ಬರೆಯುವಾಗ ಡಿಸೆಂಬರ್ ಅರ್ಧ ಕಳೆದಿದೆ. ಬೇರೆ ಪ್ರಾಜೆಕ್ಟ್ ಇನ್ನೂ ಸಿಕ್ಕಿಲ್ಲ. ಮೂರು ಕಡೆ ಸಂದರ್ಶನ ಆಗಿದೆ, ಒಂದು ಬೆಂಗಳೂರಿನದು. ಬೆಳಿಗ್ಗೆ ಕರಿ ರೋಡ್ ಸೇತುವೆ ದಾಟುವಾಗ ಈಗ ಮೊಬೈಲು ಜೇಬಿನಲ್ಲಿರುತ್ತದೆ. ಟಪರಿಯವನಿಗೂ ವಿಷಯ ಹೇಳಿದ್ದೇನೆ. ಅವನು ಜನವರಿಯಿಂದ ಹಾಲು ಇನ್ನೆರಡು ಲೀಟರ್ ಕಡಿಮೆ ತರಿಸುತ್ತಾನಂತೆ.