ಅಟ್ಟದಲ್ಲಿ ಉಳಿದ ವಿದ್ಯೆ

ನಮ್ಮ ತಂದೆಯವರ ಕೈಗಡಿಯಾರವೊಂದು ನಮ್ಮ ಮನೆಯ ಬೀರುವಿನಲ್ಲಿರುವುದು. ಅದು ಸ್ವಿಟ್ಜರ್ಲೆಂಡಿನಲ್ಲಿ ಮಾಡಿದುದು. ದಿನಕ್ಕೊಮ್ಮೆ ಕೀಲಿ ಕೊಟ್ಟಲ್ಲದೆ ನಡೆಯದು. ತಂದೆಯವರು ಬೆಳಗಿನ ಸ್ನಾನವಾದೊಡನೆ ಅದಕ್ಕೆ ಕೀಲಿ ಕೊಟ್ಟು, ಕಿವಿಗೆ ಹಿಡಿದು ಕೇಳಿ, ಆಮೇಲೆಯೇ ಕಾಫಿಗೆ ಕೂಡುತ್ತಿದ್ದರು. ಅವರು ಕಾಲವಾದ ಮೇಲೆ ನಾವು ಅದನ್ನು ಮರೆತೆವು. ಮೊನ್ನೆ ಕೈಗೆತ್ತಿಕೊಂಡು ಕೀಲಿ ಕೊಟ್ಟರೆ ಅದು ಮಿಸುಕಲಿಲ್ಲ. ಮೊದಲು ಹೋದ ಅಂಗಡಿಯಲ್ಲಿ, "ಇದನ್ನು ಬಿಚ್ಚುವವರು ಈಗ ಯಾರಿದ್ದಾರೆ? ಹೊಸದೊಂದು ಕೊಳ್ಳಿ" ಎಂದರು. ಎರಡನೆಯ ಅಂಗಡಿಯವರು ವೃದ್ಧರು. ಬಹಳ ಹೊತ್ತು ನೋಡಿ, "ಕೆಟ್ಟಿಲ್ಲ ಸ್ವಾಮಿ, ಒಳಗಿನ ಎಣ್ಣೆ ಒಣಗಿದೆ, ಅಷ್ಟೆ" ಎಂದರು.

ಅವರು ಬೆನ್ನಿನ ಮುಚ್ಚಳವನ್ನು ತೆರೆದು ಭೂತಗನ್ನಡಿಯನ್ನು ನಮ್ಮ ಕೈಗಿತ್ತರು. ಒಳಗೆ ಸುರುಳಿ ಸುತ್ತಿದ ಉಕ್ಕಿನ ಪಟ್ಟಿಯೊಂದಿರುವುದು; ಕೀಲಿ ಕೊಡುವಾಗ ಬಿಗಿಯುವುದು ಅದೇ. ಅದು ಮೆಲ್ಲನೆ ಬಿಚ್ಚಿಕೊಳ್ಳುತ್ತ ಹಲ್ಲುಚಕ್ರಗಳನ್ನು ತಿರುಗಿಸುವುದು. ಆ ಬಲವು ಒಮ್ಮೆಲೇ ಹರಿದುಹೋಗದಂತೆ ತಡೆತಡೆದು ಬಿಡುವುದಕ್ಕಾಗಿ, ಅತ್ತಿತ್ತ ತೂಗುವ ಸಣ್ಣ ಚಕ್ರವೊಂದುಂಟು. ಇಂಥ ಹಳೆಯ ಗಡಿಯಾರಗಳಲ್ಲಿ ಅದು ಸಾಮಾನ್ಯವಾಗಿ ಗಂಟೆಗೆ ೧೮,೦೦೦ ಸಲ ಮಿಡಿಯುವುದು. ಅಚ್ಚುಗಳು ಸವೆಯದಿರಲೆಂದು ಅವುಗಳ ತುದಿಗಳನ್ನು ಕೃತಕ ಮಾಣಿಕ್ಯದ ಹರಳುಗಳಲ್ಲಿ ಕೂರಿಸಿರುವರು. ನಮ್ಮದರಲ್ಲಿ ಅಂಥ ಹರಳು ೧೭.

ಈ ವಿದ್ಯೆಯ ಹುಟ್ಟು ವಿಚಿತ್ರವಾದುದು. ಹದಿನಾರನೆಯ ಶತಮಾನದಲ್ಲಿ ಜಿನೀವಾ ನಗರದ ಧರ್ಮಗುರು ಕ್ಯಾಲ್ವಿನನ ಕಟ್ಟಳೆಗಳು ಆಡಂಬರದ ಒಡವೆಗಳನ್ನು ನಿಷೇಧಿಸಿದುವು. ಕೆಲಸ ತಪ್ಪಿದ ಅಕ್ಕಸಾಲಿಗರು ಗಡಿಯಾರದತ್ತ ತಿರುಗಿದರು. ಫ್ರಾನ್ಸಿನಿಂದ ಮತದ ಕಾರಣಕ್ಕೆ ಓಡಿಬಂದವರು ತಮ್ಮ ಕುಶಲತೆಯನ್ನೂ ತಂದರು. ೧೬೦೧ರಲ್ಲಿ ಅಲ್ಲಿ ಗಡಿಯಾರಗಾರರ ಸಂಘವು ಸ್ಥಾಪಿತವಾಯಿತು. ಮುಂದೆ ಈ ಕೆಲಸವು ಜೂರಾ ಬೆಟ್ಟಗಳನ್ನೇರಿತು. ಹಿಮ ಬಿದ್ದು ಹೊಲದ ಕೆಲಸ ನಿಂತ ತಿಂಗಳುಗಳಲ್ಲಿ ರೈತರು ಕಿಟಕಿಯ ಬಳಿ ಕುಳಿತು ಒಂದೊಂದು ಮನೆಯಲ್ಲಿ ಒಂದೊಂದು ಬಿಡಿಭಾಗವನ್ನು ಮಾಡುತ್ತಿದ್ದರು. ಲಾ ಶೋ-ದ-ಫೋಂ ಎಂಬ ಊರು ೧೭೯೪ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದನ್ನು ತಿರುಗಿ ಕಟ್ಟುವಾಗ ಕೆಲಸಗಾರರ ಮೇಜಿಗೆ ಬೆಳಕು ಬೀಳುವಂತೆ ಮನೆಗಳನ್ನು ಸಾಲುಸಾಲಾಗಿ ಇಟ್ಟರು. ಆ ಊರನ್ನೂ ನೆರೆಯ ಲ ಲೋಕ್ಲ್ ಊರನ್ನೂ ಯುನೆಸ್ಕೊ ಸಂಸ್ಥೆಯು ೨೦೦೯ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇಷ್ಟು ಬೇರೂರಿದ ವಿದ್ಯೆಯೂ ಅಳಿವಿನ ಅಂಚಿಗೆ ಬಂದಿತ್ತೆಂದರೆ ವಾಚಕರು ನಂಬಲಾರರು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೀಕೊ ಸಂಸ್ಥೆಯು ಸ್ಫಟಿಕದ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮಾರಾಟಕ್ಕಿಟ್ಟಿತು. ಅಂಥವು ಬರಬರುತ್ತ ಅಗ್ಗವಾದುವು. ಕೀಲಿ ಬೇಡ, ತಪ್ಪೂ ಕಡಮೆ. ೧೯೭೦ರ ಸುಮಾರಿಗೆ ಸ್ವಿಸ್ ಗಡಿಯಾರದ ಉದ್ಯಮದಲ್ಲಿ ದುಡಿಯುತ್ತಿದ್ದವರು ಸುಮಾರು ೯೦,೦೦೦ ಮಂದಿ. ಹದಿನೈದೇ ವರ್ಷಗಳಲ್ಲಿ ಅವರಲ್ಲಿ ಉಳಿದವರು ಮೂರರಲ್ಲೊಂದು ಪಾಲಿನಷ್ಟು.

ಆಗ ಲ ಲೋಕ್ಲ್ ಊರಿನ ಝೆನಿತ್ ಕಾರ್ಖಾನೆಯಲ್ಲಿ ಶಾರ್ಲ್ ವೆರ್ಮೋ ಎಂಬ ಕುಶಲಕರ್ಮಿಯಿದ್ದನು. ಅಲ್ಲಿ ೧೯೬೯ರಲ್ಲಿ ರೂಪುಗೊಂಡ 'ಎಲ್ ಪ್ರಿಮೆರೊ' ಎಂಬ ಯಂತ್ರವು ಗಂಟೆಗೆ ೩೬,೦೦೦ ಸಲ ಮಿಡಿಯುವಂಥದು. ೧೯೭೫ರಲ್ಲಿ ಅಮೆರಿಕೆಯ ಒಡೆಯರು ಅದನ್ನು ನಿಲ್ಲಿಸಲು ಆಜ್ಞಾಪಿಸಿದರು. ವೆರ್ಮೋ ಉಪಕರಣಗಳಿಗೆ ಗುರುತು ಹಚ್ಚಿ, ನಕ್ಷೆಗಳೊಡನೆ ಅವನ್ನು ಗುಟ್ಟಾಗಿ ಕಾರ್ಖಾನೆಯ ಅಟ್ಟದಲ್ಲಿ ಬಚ್ಚಿಟ್ಟನು. ೧೯೮೪ರಲ್ಲಿ ಆ ಯಂತ್ರವನ್ನು ಪುನಃ ಮಾಡಹೊರಟಾಗ ಎಲ್ಲವೂ ಅಲ್ಲಿಂದಲೇ ಇಳಿದು ಬಂದಿತು.

ಈಗ ಇಂಥ ಗಡಿಯಾರಗಳಿಗೆ ಲಕ್ಷಗಟ್ಟಲೆ ಬೆಲೆ. ಕಾಲವನ್ನರಿಯುವುದಕ್ಕೆಂದು ಅಷ್ಟು ಹಣ ತೆತ್ತರೆ ಅದು ಅವಿವೇಕವೇ ಸರಿ. ಅಗ್ಗದ ಸ್ಫಟಿಕದ ಗಡಿಯಾರವು ಅದಕ್ಕಿಂತ ನಿಖರ. ಉತ್ತಮವಾದವುಗಳಲ್ಲಿ ತೊಡುವವರ ಕಣ್ಣಿಗೆ ಎಂದೂ ಬೀಳದ ಭಾಗದ ಅಂಚನ್ನೂ ಕೈಯಿಂದ ಉಜ್ಜಿ ಹೊಳಪೇರಿಸುವರು. ಆ ಶ್ರದ್ಧೆಗೆ ನಾವು ತಲೆಬಾಗುವೆವು. ಆದರೆ ಯಾವ ಗಡಿಯಾರವೂ, ಅದು ಎಷ್ಟೇ ಬೆಲೆಯದಾಗಲಿ, ಬಿಚ್ಚಿ ಜೋಡಿಸಬಲ್ಲ ಕೈಯಿಲ್ಲದಿದ್ದರೆ ಲೋಹದ ಬಿಲ್ಲೆಯೇ. ೨೦೨೦ರಲ್ಲಿ ಯುನೆಸ್ಕೊ ತನ್ನ ಮತ್ತೊಂದು ಪಟ್ಟಿಗೆ ಆ ಸೀಮೆಯ ಗಡಿಯಾರದ ಕುಶಲವಿದ್ಯೆಯನ್ನೇ ಸೇರಿಸಿದುದು ಸಾರ್ಥಕವೆಂದು ನಮಗೆ ತೋರುವುದು.

ಎಂಟು ದಿನಗಳಾದ ಮೇಲೆ ಹೋದೆವು. ಗಡಿಯಾರವು ನಡೆಯುತ್ತಿತ್ತು. "ನಿಮ್ಮ ತರುವಾಯ ಈ ಕೆಲಸಕ್ಕೆ ಯಾರು?" ಎಂದು ಕೇಳಿದೆವು. ವೃದ್ಧರು ಚಿಮಟವನ್ನು ಒರೆಸುತ್ತ, "ಮಕ್ಕಳು ಬೇರೆ ಉದ್ಯೋಗ ಹಿಡಿದರು" ಎಂದಷ್ಟೇ ಹೇಳಿದರು. ಅವರ ವಿದ್ಯೆಯನ್ನು ಇಡಲು ಅಟ್ಟವೊಂದು ಎಲ್ಲಿದೆ? ಗೃಹಸ್ಥರೇ, ನಿಮ್ಮ ಮನೆಯಲ್ಲಿಯೂ ನಿಂತ ಗಡಿಯಾರವಿದ್ದೀತು. ಇಂಥವರು ಇರುವಾಗಲೇ ಅದನ್ನು ಅವರಲ್ಲಿಗೆ ಒಯ್ಯಿರಿ. ಮಕ್ಕಳನ್ನೂ ಜೊತೆಗೆ ಕರೆದೊಯ್ದು ಆ ಭೂತಗನ್ನಡಿಯಲ್ಲಿ ಒಮ್ಮೆ ನೋಡಗೊಡಿರಿ. ನಮ್ಮ ಮನೆಯಲ್ಲಿ ಈಗ ಬೆಳಗಿನ ಕೀಲಿ ಕೊಡುವ ಕೆಲಸ ಮಗಳದು. ಅವಳೂ ಅದನ್ನು ಕಿವಿಗೆ ಹಿಡಿದು ಕೇಳುತ್ತಾಳೆ.