ನನ್ನ ಕೈಯ ಚೆಂಡು

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನಾನು ಬೇಸ್‌ಬಾಲ್ ಆಟಗಾರನಾದೆನೆಂದರೆ ನನ್ನ ಗೆಳೆಯರು ನಗುತ್ತಾರೆ. ಅವರು ನಗುವುದರಲ್ಲಿ ತಪ್ಪೇನೂ ಇಲ್ಲ. ನಾನು ಆಡಿದ್ದು ಮೈದಾನದಲ್ಲಲ್ಲ. ಕ್ಯಾಲಿಫೋರ್ನಿಯದಲ್ಲಿರುವ ಮಗಳ ಮನೆಯ ಸೋಫಾದ ಮೇಲೆ ಕುಳಿತು, ಟೆಲಿವಿಷನ್ನಿನ ಪರದೆಯ ಮೇಲೆ. ನನ್ನ ಗುರು ಹನ್ನೊಂದು ವರ್ಷದ ಮೊಮ್ಮಗ. ಶಾಲೆಯಿಂದ ಬಂದವನೇ ಚೀಲವನ್ನು ಮೂಲೆಗೆಸೆದು, “ತಾತ, ಬಾ” ಎಂದು ಕಂಟ್ರೋಲರನ್ನು ನನ್ನ ಕೈಗಿಡುತ್ತಿದ್ದ. ಪರಸ್ಥಳದಲ್ಲಿ ಹಗಲು ಕಳೆಯುವ ಬಗೆ ತಿಳಿಯದೆ ಕುಳಿತಿರುತ್ತಿದ್ದ ನನಗೆ ದಿನದಲ್ಲಿ ಅತ್ಯಂತ ಪ್ರಿಯವಾದ ಮಾತು ಅದೇ ಆಗಿತ್ತು.

ಈ ಆಟದಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಅವನು ನಿಲ್ಲುವ ದಿಬ್ಬಕ್ಕೂ ದಾಂಡಿಗನ ಬಳಿಯ ‘ತಟ್ಟೆ’ಗೂ 60 ಅಡಿ 6 ಅಂಗುಲ ದೂರ, 1893ರಲ್ಲಿ ಗೊತ್ತಾದ ಈ ಅಳತೆ ಇಂದಿಗೂ ಬದಲಾಗಿಲ್ಲ. ನಮ್ಮ ಕ್ರಿಕೆಟ್ಟಿನ 66 ಅಡಿಗೆ ಇದು ನೆರೆಯದೇ. ಆದರೆ ಇಲ್ಲಿ ಚೆಂಡು ನೆಲವನ್ನು ಮುಟ್ಟದೆ ಗಾಳಿಯಲ್ಲಿಯೇ ಸಾಗಿಬರಬೇಕು. ತಟ್ಟೆಯ ಅಗಲ 17 ಅಂಗುಲ. ಅದರ ಮೇಲೆ, ದಾಂಡಿಗನ ಮೊಣಕಾಲಿಗೂ ಎದೆಗೂ ನಡುವೆ, ಕಣ್ಣಿಗೆ ಕಾಣದ ಒಂದು ಕಿಟಕಿಯಿದೆ ಎಂದು ಭಾವಿಸಿಕೊಳ್ಳಿ. ಚೆಂಡು ಆ ಕಿಟಕಿಯೊಳಗೆ ಹಾಯ್ದರೆ ಪಿಚರನಿಗೆ ಲಾಭ. ಹೊರಗೆ ಹೋದ ಚೆಂಡಿಗೆ ದಾಂಡಿಗನು ಬ್ಯಾಟು ಬೀಸದೆ ಸುಮ್ಮನಿದ್ದರೆ ನಷ್ಟ. ಅಂಥವು ನಾಲ್ಕಾದರೆ ದಾಂಡಿಗನಿಗೆ ಮೊದಲನೆಯ ಠಾಣೆ ಪುಕ್ಕಟೆ. ಗಂಟೆಗೆ 95 ಮೈಲಿ ವೇಗದ ಚೆಂಡು ಈ ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಹೊಲಿಗೆಯ ಮೇಲೆ ಬೆರಳು ಕೂರುವ ರೀತಿ, ಮಣಿಕಟ್ಟಿನ ತಿರುವು, ಭುಜದ ಬಲ, ಕಾಲಿನ ಒತ್ತು ಇವೆಲ್ಲ ಸೇರಿ ಚೆಂಡನ್ನು ತಿರುಗಿಸುತ್ತವೆ. ತಿರುಗುವ ಚೆಂಡು ಗಾಳಿಯಲ್ಲಿ ಬಾಗುತ್ತದೆ.

ಇಷ್ಟನ್ನೂ ಸೋಫಾದ ಮೇಲೆ ಕುಳಿತವನ ಹೆಬ್ಬೆರಳಿಗೆ ಒಪ್ಪಿಸುವುದು ಹೇಗೆ? ಈ ಆಟಗಳನ್ನು ರೂಪಿಸುವವರಿಗೆ ಎದುರಾಗುವ ಪ್ರಶ್ನೆ ಇದು. ಜಪಾನಿನ ನ್ಯಾಮ್ಕೊ ಸಂಸ್ಥೆಯವರು 1986ರಲ್ಲಿ ಹೊರತಂದ, ಅನಂತರ ಅಮೆರಿಕದಲ್ಲಿ ‘ಆರ್.ಬಿ.ಐ. ಬೇಸ್‌ಬಾಲ್’ ಎಂದು ಹೆಸರಾದ ಆಟದಲ್ಲಿ ಇದಕ್ಕೆ ಒಂದು ಸೊಗಸಾದ ಉತ್ತರವಿತ್ತು. ಅಲ್ಲಿ ಚೆಂಡು ಕೈಬಿಟ್ಟ ಮೇಲೂ ಗುಂಡಿಯನ್ನು ಎಡಕ್ಕೋ ಬಲಕ್ಕೋ ಒತ್ತಿ ಅದರ ದಾರಿಯನ್ನು ಬಾಗಿಸಬಹುದು. ಭೌತಶಾಸ್ತ್ರಕ್ಕೆ ಇದು ಸಮ್ಮತವಲ್ಲ. ಎಸೆದ ಚೆಂಡನ್ನು ಹಿಂದಕ್ಕೆ ಕರೆಯಬಲ್ಲವನು ಯಾರು? ಆದರೂ ಚೆಂಡೆಸೆದವನ ಮನಸ್ಸು ಚೆಂಡಿನ ಬೆನ್ನು ಹತ್ತಿ ಹೋಗುವುದು ಸುಳ್ಳಲ್ಲವಷ್ಟೆ.

ನಾವು ಆಡುತ್ತಿದ್ದುದು ಸೋನಿಯವರ ಸ್ಯಾನ್ ಡಿಯೇಗೋ ಸ್ಟುಡಿಯೋದವರು ತಯಾರಿಸಿದ ‘ಎಂ.ಎಲ್.ಬಿ. ದಿ ಶೋ’. ಇದರಲ್ಲಿ ಚೆಂಡೆಸೆಯಲು ಒಂದಲ್ಲ, ಐದು ವಿಧಾನಗಳಿವೆ. ‘ಕ್ಲಾಸಿಕ್’ ಎಂಬುದರಲ್ಲಿ ಎಸೆತದ ಬಗೆಯನ್ನೂ ಗುರಿಯನ್ನೂ ಆರಿಸಿ ಗುಂಡಿಯೊತ್ತಿದರೆ ಮುಗಿಯಿತು. ‘ಪಲ್ಸ್’ನಲ್ಲಿ ಒಂದು ವೃತ್ತ ಎದೆಬಡಿತದಂತೆ ಹಿಗ್ಗಿ ಕುಗ್ಗುತ್ತದೆ, ಅದು ಕುಗ್ಗಿದಾಗ ಒತ್ತಬೇಕು. ‘ಮೀಟರ್’ನಲ್ಲಿ ಮೂರು ಒತ್ತು: ಒಂದು ಪ್ರಾರಂಭಕ್ಕೆ, ಒಂದು ಬಲಕ್ಕೆ, ಹಿಂದಿರುಗಿ ಬರುವ ಗೆರೆಯನ್ನು ಹಿಡಿಯುವ ಮೂರನೆಯದು ಗುರಿಗೆ. 2011ರಲ್ಲಿ ಬಂದ ‘ಪ್ಯೂರ್ ಅನಲಾಗ್’ನಲ್ಲಿ ಪುಟ್ಟ ಕಡ್ಡಿಯನ್ನು ಹಿಂದಕ್ಕೆಳೆದು, ಸಮಯವರಿತು ಮುಂದಕ್ಕೆ ತಳ್ಳಬೇಕು. 2021ರಲ್ಲಿ ಸೇರಿದ ‘ಪಿನ್‌ಪಾಯಿಂಟ್’ನಲ್ಲಿ ಒಂದೊಂದು ಎಸೆತಕ್ಕೂ ಒಂದೊಂದು ಚಿತ್ರ, ಕಡ್ಡಿಯಿಂದ ಆ ಚಿತ್ರವನ್ನು ಸರಿಯಾದ ಗತಿಯಲ್ಲಿ ತಿದ್ದಬೇಕು. ಮರಳಿನ ಮೇಲೆ ಅಕ್ಷರ ತಿದ್ದಿದವರಿಗೆ ಅದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಇದೆಲ್ಲ ನನಗೆ ತಿಳಿದದ್ದು ತಡವಾಗಿ. ಮೊದಲ ಎರಡು ವಾರ ನಾನು ಗೆಲ್ಲುತ್ತಲೇ ಇದ್ದೆ. ಊಟದ ಹೊತ್ತಿನಲ್ಲಿ ನನ್ನ ಪರಾಕ್ರಮವನ್ನು ನಾನೇ ವರ್ಣಿಸುತ್ತಿದ್ದೆ. ಮಗಳು ನಗುತ್ತ ಅನ್ನ ಬಡಿಸುತ್ತಿದ್ದಳು. ಒಂದು ಮಧ್ಯಾಹ್ನ ನನ್ನ ಕಣ್ಣು ಪರದೆಯನ್ನು ಬಿಟ್ಟು ಹುಡುಗನ ಕೈಗಳ ಮೇಲೆ ಬಿತ್ತು. ಅವನ ಹೆಬ್ಬೆರಳು ಕಡ್ಡಿಯ ಮೇಲೆ ನರ್ತಿಸುತ್ತಿತ್ತು. ನಾನಾದರೋ ಕಾಲಿಂಗ್ ಬೆಲ್ ಒತ್ತಿದಂತೆ ಒಂದು ಗುಂಡಿಯನ್ನು ಒತ್ತುತ್ತಿದ್ದೆ, ಅಷ್ಟೆ.

“ನಿನ್ನದೇ ಒಂದು ರೀತಿ, ನನ್ನದೇ ಒಂದು ರೀತಿ. ಇದೇಕೆ?” ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. ಸ್ವಲ್ಪ ಹೊತ್ತಿನ ಮೇಲೆ, “ನಿನ್ನ ಕೈ ನಡುಗುತ್ತದಲ್ಲ ತಾತ, ಅದಕ್ಕೆ” ಎಂದ.

ನನ್ನ ಬಲಗೈ ನಡುಗತೊಡಗಿ ಮೂರು ವರ್ಷವಾಗಿತ್ತು. ಅಪಾಯದ ಕಾಯಿಲೆಯಲ್ಲವೆಂದು ವೈದ್ಯರು ಹೇಳಿದ್ದರು. ಮನೆಯಲ್ಲಿ ನನಗೆ ಕಾಫಿಯ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಕೊಡುತ್ತಿದ್ದರು. ಏಕೆಂದು ಯಾರೂ ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಆ ಮಾತನ್ನು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದವನು ಈ ಹುಡುಗ. ಅವನ ಮನಸ್ಸು ಒಳ್ಳೆಯದೇ. ಆದರೂ ನನ್ನ ಎರಡು ವಾರಗಳ ವಿಜಯವೆಲ್ಲ ಅರ್ಧ ಲೋಟದ ಕಾಫಿಯಾಗಿ ಕಂಡಿತು.

ಅಂದು ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ನನಗಾದ ನೋವೇನು ಎಂದು ಯೋಚಿಸಿದೆ. ಕ್ಲಾಸಿಕ್ ವಿಧಾನದಲ್ಲಿಯೂ ಚೆಂಡು ಕೆಲವೊಮ್ಮೆ ಗುರಿ ತಪ್ಪುವುದುಂಟು. ಆದರೆ ಪರದೆಯ ಮೇಲಿನ ಪಿಚರನ ಸಾಮರ್ಥ್ಯವನ್ನೂ ಆಯಾಸವನ್ನೂ ಗುಣಿಸಿ, ಸ್ವಲ್ಪ ಅದೃಷ್ಟವನ್ನು ಬೆರೆಸಿ, ಯಂತ್ರ ಮಾಡುವ ತಪ್ಪು ಅದು. ಅದರಲ್ಲಿ ನನ್ನ ಪಾಲಿಲ್ಲ. ತಪ್ಪು ನನ್ನದಲ್ಲವಾದರೆ ಸರಿಯಾಗಿ ಬಿದ್ದ ಚೆಂಡು ಮಾತ್ರ ನನ್ನದಾಗುವುದು ಹೇಗೆ?

ಕಾಲೇಜಿನಲ್ಲಿದ್ದಾಗ ಮೈಸೂರಿನಲ್ಲಿ ನಾನೂ ಲೆಗ್‌ಸ್ಪಿನ್ ಹಾಕುತ್ತಿದ್ದವನು. 1971ರ ಆಗಸ್ಟಿನಲ್ಲಿ ನಮ್ಮ ಮೈಸೂರಿನವರೇ ಆದ ಚಂದ್ರಶೇಖರ್ ಓವಲ್ ಮೈದಾನದಲ್ಲಿ 38 ರನ್ನುಗಳಿಗೆ 6 ವಿಕೆಟ್ ಪಡೆದಾಗ ರೇಡಿಯೋದ ಮುಂದೆ ಕುಣಿದವರಲ್ಲಿ ನಾನೂ ಒಬ್ಬ. ಬಾಲ್ಯದಲ್ಲಿ ಪೋಲಿಯೋ ತಗುಲಿ ಬಡವಾದ ಬಲಗೈಯಿಂದಲೇ ಅವರು ಬೌಲ್ ಮಾಡುತ್ತಿದ್ದರು. ಫೀಲ್ಡಿಂಗಿನಲ್ಲಿ ಚೆಂಡೆಸೆಯಲು ಎಡಗೈ. ಬೇಸ್‌ಬಾಲಿನಲ್ಲಿಯೂ ಅಂಥವರೊಬ್ಬರಿದ್ದಾರೆಂದು ಮೊಮ್ಮಗನೇ ಹೇಳಿದ. ಆರ್. ಎ. ಡಿಕಿ ಎಂಬ ಪಿಚರನ ಬಲಮೊಣಕೈಯಲ್ಲಿ ಇರಬೇಕಾದ ಒಂದು ಮುಖ್ಯ ಅಸ್ಥಿರಜ್ಜು ಇರಲೇ ಇಲ್ಲವಂತೆ. ಆತ ಹಿಡಿದದ್ದು ‘ನಕಲ್‌ಬಾಲ್’ ಎಂಬ ಎಸೆತವನ್ನು. ತಿರುಗದೆ ತೇಲಿ ಬರುವ ಆ ಚೆಂಡು ಎತ್ತ ಹೊರಳೀತೆಂದು ಎಸೆದವನೂ ಖಚಿತವಾಗಿ ಹೇಳಲಾರ. ಅದರಿಂದಲೇ 2012ರಲ್ಲಿ ಆತ ಪಿಚರುಗಳಿಗೆ ಸಲ್ಲುವ ಅತ್ಯುನ್ನತವಾದ ಸೈ ಯಂಗ್ ಪ್ರಶಸ್ತಿಯನ್ನು ಪಡೆದ.

ಮರುದಿನ ನಾನು, “ನನಗೂ ನಿನ್ನ ವಿಧಾನವನ್ನೇ ಕೊಡು” ಎಂದೆ. ಹುಡುಗ ಬೇಡವೆಂದ, ನಾನು ಬಿಡಲಿಲ್ಲ. ಫಲಿತಾಂಶವನ್ನು ವಿವರವಾಗಿ ಹೇಳುವುದು ನನ್ನ ಗೌರವಕ್ಕೆ ಒಳ್ಳೆಯದಲ್ಲ. ನಾನು ತಿದ್ದಿದ ಚಿತ್ರ ಜಿಲೇಬಿಯಂತಿತ್ತು. ಚೆಂಡು ಒಮ್ಮೆ ದಾಂಡಿಗನ ಬೆನ್ನಿಗೂ ತಾಗಿತು. ನಾಲ್ಕನೆಯ ದಿನ ಸಂಕೋಚವಿಲ್ಲದೆ ಸೋಲೊಪ್ಪಿ, ಐದು ವಿಧಾನಗಳನ್ನೂ ಒಂದೊಂದಾಗಿ ಪರೀಕ್ಷಿಸಿದೆ. ಮೀಟರ್ ನನಗೆ ಒಗ್ಗಿತು. ಅದರಲ್ಲಿ ಬೆರಳು ಗೆರೆ ಎಳೆಯಬೇಕಾಗಿಲ್ಲ, ಕಾದಿದ್ದು ಒತ್ತಬೇಕು. ನಡುಗುವ ಕೈಗೂ ಕಾಯುವುದು ಬರುತ್ತದೆ. ಮೂರನೆಯ ಒತ್ತು ತಡವಾದರೆ ಚೆಂಡು ಹಾದಿ ತಪ್ಪುತ್ತದೆ; ಆ ತಪ್ಪು ಮಾತ್ರ ಅಪ್ಪಟ ನನ್ನದು.

ಐದು ಬಾಗಿಲುಗಳನ್ನಿಟ್ಟ ಆ ಅಪರಿಚಿತ ವಿನ್ಯಾಸಕಾರರ ಮೇಲೆ ನನಗೆ ಆಗ ಗೌರವ ಹುಟ್ಟಿತು. ಒಂದೇ ಗುಂಡಿಯ ವಿಧಾನವನ್ನು ನಾನು ಹಳಿಯುವುದಿಲ್ಲ. ನನಗಿಂತ ಅಶಕ್ತವಾದ ಕೈಗಳಿಗೆ ಅದೇ ಆಟದೊಳಕ್ಕೆ ಹಾದಿ. ನಾಳೆ ನನಗೂ ಅದೇ ಬೇಕಾದೀತು. ಆದರೆ ಯಾವ ಬಾಗಿಲಿನಿಂದ ಒಳಹೋಗಬೇಕೆಂಬುದನ್ನು ನನ್ನನ್ನೇ ಕೇಳಬೇಕು.

ಊರಿಗೆ ಹೊರಡುವ ಹಿಂದಿನ ದಿನ ನಾನು ಹನ್ನೊಂದಕ್ಕೆ ಎರಡರಂತೆ ಸೋತೆ. ಆದರೆ ನಡುವೆ ಒಂದು ಚೆಂಡು, ಎದೆಯ ಎತ್ತರದಲ್ಲಿ ಬರುವಂತೆ ತೋರಿ, ತಟ್ಟೆಯ ಹೊರ ಅಂಚಿನಲ್ಲಿ ಮೊಣಕಾಲಿಗೆ ಇಳಿಯಿತು. ಹುಡುಗ ಬ್ಯಾಟು ಬೀಸಿದ. ಬ್ಯಾಟಿಗೆ ಸಿಕ್ಕಿದ್ದು ಗಾಳಿ. ಅವನ ಮುಖದಲ್ಲಿ ನಿಜವಾದ ಸಿಟ್ಟು ಕಂಡಿತು. ಅಷ್ಟು ದಿನಗಳಲ್ಲಿ ಅವನಿಗೆ ನನ್ನ ಮೇಲೆ ಸಿಟ್ಟು ಬಂದದ್ದು ಅದೇ ಮೊದಲು.

“ಅದನ್ನು ಹೇಗೆ ಹಾಕಿದೆ ತಾತ?” ಎಂದು ಊಟದ ಹೊತ್ತಿನಲ್ಲಿ ಕೇಳಿದ.

ನಾನು ಹೇಳಲಿಲ್ಲ. ಮಗಳು ನನ್ನ ಮುಂದೆ ಮಜ್ಜಿಗೆಯ ಲೋಟವಿಟ್ಟಳು. “ಪೂರ್ತಿ ತುಂಬಿಸು” ಎಂದೆ.